ಡೆಮೊ ಪ್ರೊಫೈಲ್ ಕಟ್ಟಿದ್ದು, ಫಾಂಟ್ ಕೆಟ್ಟಿದ್ದು

ಶುಕ್ರವಾರ ರಾತ್ರಿ

ಲೈಬ್ರರಿ ಆ್ಯಪ್ ಓಡಲು ಶುರುವಾಗಿ ಎರಡು ತಿಂಗಳಾಯಿತು, ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ. ನಮ್ಮ ಬೀದಿಯ ಲೈಬ್ರರಿ ನೋಡಿಕೊಳ್ಳುವ ಮೇಷ್ಟ್ರು ಸಿಕ್ಕಾಗಲೆಲ್ಲ "ಯಾವಾಗಪ್ಪಾ ತೋರಿಸೋದು?" ಅನ್ನುತ್ತಾರೆ. ಭಾನುವಾರ ತರ್ತೀನಿ ಸಾರ್ ಅಂದುಬಿಟ್ಟೆ. ಅಲ್ಲಿರುವುದು ಒಂದು ಹಳೇ ಲಿನಕ್ಸ್ ಲ್ಯಾಪ್‌ಟಾಪ್. ಇಂಟರ್‌ನೆಟ್ ಇಲ್ಲ. ಜಾವಾ 17 ಮಾತ್ರ ನಾನೇ ಹಿಂದೆ ಹಾಕಿಕೊಟ್ಟಿದ್ದೆ. ಹಾಗಾಗಿ ಪೆನ್‌ಡ್ರೈವಿನಲ್ಲಿ ಒಂದೇ ವಾರ್ ಫೈಲ್ (ಇಡೀ ಆ್ಯಪ್ ಕಟ್ಟಿಟ್ಟ ಗಂಟು) ಒಯ್ಯಬೇಕು, ಒಂದೇ ಕಮಾಂಡಿಗೆ ಓಡಬೇಕು. ಆ್ಯಪ್ ಬರೆದಿರುವುದು ಸ್ಪ್ರಿಂಗ್ ಬೂಟ್ ಅನ್ನುವ ಜಾವಾ ಚೌಕಟ್ಟಿನಲ್ಲಿ. ಅದು ಕಟ್ಟುವ ವಾರ್ ಫೈಲನ್ನು ಬೇರೆಯಾಗಿ ಟಾಮ್‌ಕ್ಯಾಟ್ ಸರ್ವರ್ ಹಾಕದೆಯೂ ಜಾವಾದಿಂದ ನೇರವಾಗಿ ಓಡಿಸಬಹುದು. ಅಷ್ಟರ ಮಟ್ಟಿಗೆ ಬಚಾವ್.

ಆ್ಯಪ್ ಕಟ್ಟಿಕೊಡುವ ಸಾಧನ ಮೇವನ್, ಅದಕ್ಕೆ ಸೂಚನೆ ಬರೆಯುವುದು ಪಾಮ್ ಫೈಲಿನಲ್ಲಿ. ಅಲ್ಲಿ 'ಅಸಲಿ', 'ಡೆಮೊ' ಎಂದು ಎರಡು ಪ್ರೊಫೈಲ್, ಅಂದರೆ ಕಟ್ಟುವ ಎರಡು ಬಗೆ, ಮಾಡಿದೆ. ಅಸಲಿಯಲ್ಲಿ ಮರಿಯಾಡಿಬಿ ಡೇಟಾಬೇಸಿನ ಡ್ರೈವರ್, ಡೆಮೊದಲ್ಲಿ ಎಚ್2 ಅನ್ನುವ ಪುಟ್ಟ ಡೇಟಾಬೇಸ್. ಅಸಲಿಯನ್ನು ಡಿಫಾಲ್ಟ್ ಮಾಡಿದ್ದೇನೆ. ಕಮಾಂಡಿನಲ್ಲಿ 'ಮೈನಸ್ ಪಿ ಡೆಮೊ' ಅಂದ ಕೂಡಲೇ ಮೇವನ್ ಅಸಲಿಯನ್ನು ತಾನಾಗಿ ಪಕ್ಕಕ್ಕಿಡುತ್ತದೆ. ಇಲ್ಲಿ ಎಚ್2 ಮೆಮೊರಿಯಲ್ಲೇ ಇರುತ್ತದೆ, ಆ್ಯಪ್ ಮುಚ್ಚಿದರೆ ಡೇಟಾ ಮಾಯ. ಡೆಮೊಗೆ ಅದೇ ಒಳ್ಳೆಯದು, ಯಾರು ಏನು ಒತ್ತಿದರೂ ಚಿಂತೆಯಿಲ್ಲ. ಸದಸ್ಯರ ಫೋನ್ ನಂಬರ್ ಇರುವ ನಿಜವಾದ ಡೇಟಾ ಇದರೊಳಗೆ ಸೇರಲೇಬಾರದು. ಅದಕ್ಕೇ ಮಾದರಿ ಡೇಟಾಕ್ಕೆ ಬೇರೆಯೇ ಫೋಲ್ಡರ್ ಮಾಡಿ, ಡೆಮೊ ಪ್ರೊಫೈಲಿನ ರಿಸೋರ್ಸಸ್ (ವಾರ್ ಒಳಗೆ ಸೇರಬೇಕಾದ ಫೋಲ್ಡರುಗಳ ಪಟ್ಟಿ) ಅಡಿ ಅದರ ಹೆಸರು ಬರೆದೆ. ಪ್ಯಾಕೇಜ್ ಮಾಡಿದೆ, ಓಡಿತು. ಮಲಗಿದೆ.

ಶನಿವಾರ

ಬೆಳಗ್ಗೆ ಸುಮ್ನೆ ಒಮ್ಮೆ, ಹಿಂದೆ ಕಟ್ಟಿದ್ದನ್ನು ಅಳಿಸುವ 'ಕ್ಲೀನ್' ಸೇರಿಸಿ ಮತ್ತೆ ಕಟ್ಟಿದೆ. ಪುಟ ತೆರೆದರೆ ಬಿಳೀ ಎರರ್ ಪೇಜ್. ವಾರ್ ಬಿಚ್ಚಿ ನೋಡಿದರೆ ಪುಟಗಳ ಟೆಂಪ್ಲೇಟ್ ಒಂದೂ ಇಲ್ಲ! ರಾತ್ರಿ ಓಡಿದ್ದು, ಮೇವನ್ ಕಟ್ಟಿದ್ದನ್ನು ಇಡುವ ಟಾರ್ಗೆಟ್ ಫೋಲ್ಡರಿನಲ್ಲಿ ಉಳಿದಿದ್ದ ಹಳೇ ಫೈಲುಗಳ ದಯೆಯಿಂದ.

ಕಾರಣ ಹುಡುಕಲು ಮೇವನ್‌ಗೆ ಎಫೆಕ್ಟಿವ್ ಪಾಮ್ (ಎಲ್ಲ ಸೇರಿ ಕೊನೆಗೆ ಉಳಿಯುವ ಸೂಚನೆ) ತೋರಿಸು ಅಂದೆ. ನಾವು ರಿಸೋರ್ಸಸ್ ಬಗ್ಗೆ ಏನೂ ಬರೆಯದಿದ್ದರೆ ಮಾಮೂಲಿ ಫೋಲ್ಡರ್ ತಾನಾಗಿ ಸಿಗುತ್ತದೆ. ಪ್ರೊಫೈಲಿನಲ್ಲಿ ಒಂದೇ ಒಂದು ಹೆಸರು ಬರೆದರೂ ಸಾಕು, ಅದು ಕೈಬಿಟ್ಟು ಹೋಗುತ್ತದೆ. ಸರಿ, ಎರಡೂ ಫೋಲ್ಡರ್ ನಾನೇ ಬರೆದೆ. ಅಪ್ಲಿಕೇಶನ್ ಪ್ರಾಪರ್ಟೀಸ್ ಫೈಲಿಗೆ ಪಾಮ್‌ನಿಂದ ಪ್ರೊಫೈಲಿನ ಹೆಸರು ಹೋಗಬೇಕಿತ್ತಲ್ಲ, ಎರಡೂ ಫೋಲ್ಡರಿಗೆ, ಹಾಗೆ ಹೆಸರು ತುಂಬುವ ಫಿಲ್ಟರಿಂಗ್ ಆನ್ ಮಾಡಿದೆ. ಎಲ್ಲ ಚೆನ್ನಾಗಿ ಬಂತು. ಅಂದರೆ ನನ್ನ ಮಷೀನಿನಲ್ಲಿ ಬಂತು.

(ಮೇವನ್ ಪ್ರೊಫೈಲ್ ಬೇರೆ, ಸ್ಪ್ರಿಂಗ್ ಪ್ರೊಫೈಲ್ ಬೇರೆ. ಮೊದಲನೆಯದು ಕಟ್ಟುವಾಗ, ಎರಡನೆಯದು ಓಡುವಾಗ. ಎರಡಕ್ಕೂ ಒಂದೇ ಹೆಸರಿಟ್ಟವರಿಗೆ ಏನನ್ನಬೇಕೋ.)

ಭಾನುವಾರ

ಮೇಷ್ಟ್ರು ಕನ್ನಡಕ ಏರಿಸಿಕೊಂಡು ಸ್ಕ್ರೀನಿಗೆ ಬಗ್ಗಿದರು. "ಏನಪ್ಪಾ ಇದು, ಬರೀ ಡಬ್ಬಿ ಡಬ್ಬಿ ಕಾಣ್ತಿದೆ?" ನಿಜ. ಬಟನ್, ಮೆನು, ಪುಸ್ತಕದ ಹೆಸರು ಎಲ್ಲ ಚೌಕಗಳು. ಮುಖಪುಟದ ಚಿತ್ರಗಳು ಮಾತ್ರ ಸರಿಯಾಗಿವೆ. ಆ ಲ್ಯಾಪ್‌ಟಾಪಿನಲ್ಲಿ ಕನ್ನಡ ಫಾಂಟ್ ಇಲ್ಲ ಅಂತ ಗೊತ್ತಿತ್ತು. ಅದಕ್ಕೇ ನೋಟೊ ಸಾನ್ಸ್ ಕನ್ನಡವನ್ನು ವಾರ್ ಒಳಗೇ ಇಟ್ಟಿದ್ದೆ. ಕಾಫಿ ಕುಡಿದು, ನೆಲ ನೋಡುತ್ತಾ ಮನೆಗೆ ಬಂದೆ.

ರಾತ್ರಿ ಫಾಂಟ್ ಫೈಲಿನ ಗಾತ್ರ ಹೋಲಿಸಿದೆ. ಸೋರ್ಸಿನಲ್ಲಿ ಇರುವುದಕ್ಕಿಂತ ವಾರ್ ಒಳಗಿರುವುದು ಜಾಸ್ತಿ ದೊಡ್ಡದು! ಕಾಪಿ ಮಾಡಿದ ಫೈಲ್ ಉಬ್ಬುವುದೆಂದರೇನು? ಬೈಟುಗಳನ್ನೇ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ತೆರೆದರೆ ಎಲ್ಲೆಲ್ಲೂ 'ಇಎಫ್ ಬಿಎಫ್ ಬಿಡಿ', 'ಇಎಫ್ ಬಿಎಫ್ ಬಿಡಿ'. ಆಗ ಹೊಳೆಯಿತು. ಫಿಲ್ಟರಿಂಗ್ ಅಂದರೆ ಫೈಲನ್ನು ಪಠ್ಯ ಅಂದುಕೊಂಡು ಓದಿ, ಗುರುತು ಹಾಕಿದ ಹೆಸರುಗಳಿಗೆ ಬೆಲೆ ತುಂಬಿ, ಮತ್ತೆ ಬರೆಯುವುದು. ಫಾಂಟ್ ಪಠ್ಯವಲ್ಲ. ಯುಟಿಎಫ್-8 (ಅಕ್ಷರಗಳನ್ನು ಬೈಟುಗಳಲ್ಲಿ ಬರೆಯುವ ಪದ್ಧತಿ) ಆಗಿ ಓದಲು ಬಾರದ ಬೈಟ್ ಸಿಕ್ಕಿದಾಗ ಅದರ ಜಾಗಕ್ಕೆ 'ಗೊತ್ತಾಗಲಿಲ್ಲ' ಅನ್ನುವ ಚಿಹ್ನೆ ಬರುತ್ತದೆ, ಅದು 3 ಬೈಟ್, ಅದೇ ಆ 'ಇಎಫ್ ಬಿಎಫ್ ಬಿಡಿ'. ಹಾಗಾಗಿ ಉಬ್ಬಿದೆ. ಪಿಎನ್‌ಜಿ, ಜೆಪೆಗ್ ಫೈಲುಗಳನ್ನು ಮೇವನ್ ಫಿಲ್ಟರ್ ಮಾಡದೆ ಬಿಡುತ್ತದೆ, ಚಿತ್ರಗಳು ಉಳಿದದ್ದು ಅದಕ್ಕೇ. ನನ್ನ ಮಷೀನಿನಲ್ಲೋ, ನೋಟೊ ಮೊದಲೇ ಇತ್ತು. ವಾರ್ ಒಳಗಿನ ಫಾಂಟ್ ಸತ್ತಿದ್ದರೂ ಬ್ರೌಸರ್ ಗುಟ್ಟಾಗಿ ಮಷೀನಿನದನ್ನು ಹಾಕಿಕೊಂಡು ನನ್ನ ಮಾನ ಉಳಿಸಿತ್ತು. ಬ್ರೌಸರಿನ ಕನ್ಸೋಲಿನಲ್ಲಿ ಒಂದು ಹಳದಿ ಎಚ್ಚರಿಕೆ ಬಂದಿತ್ತು. ನೋಡುವವರು ಯಾರು?

ಸೋಮವಾರ

ಮುಖ್ಯ ಫೋಲ್ಡರನ್ನು ಎರಡು ಸಲ ಬರೆದೆ. ಒಮ್ಮೆ ಅಪ್ಲಿಕೇಶನ್ ಫೈಲುಗಳಿಗೆ ಮಾತ್ರ, ಫಿಲ್ಟರಿಂಗ್ ಜೊತೆ. ಇನ್ನೊಮ್ಮೆ ಅವನ್ನು ಬಿಟ್ಟು ಉಳಿದದ್ದಕ್ಕೆ, ಫಿಲ್ಟರಿಂಗ್ ಇಲ್ಲದೆ. ಆಮೇಲೆ ಡೆಮೊ ಫೋಲ್ಡರ್. ತಮಾಷೆ ಅಂದರೆ ನನ್ನ ಪಾಮ್‌ಗೆ ಆಧಾರವಾದ ಸ್ಪ್ರಿಂಗ್ ಬೂಟಿನ ಪೇರೆಂಟ್ ಪಾಮ್ ಮೊದಲಿನಿಂದಲೂ ಹೀಗೇ ಮಾಡಿಟ್ಟಿತ್ತು. ಅದರ ಮೇಲೆ ಬರೆದು ಕೆಡಿಸಿದವನು ನಾನೇ. ಈ ಸಲ ನನ್ನ ಮಷೀನಿನಿಂದ ನೋಟೊ ತೆಗೆದು ಪರೀಕ್ಷೆ ಮಾಡಿದೆ. ಗಾತ್ರ ಬೈಟಿಗೆ ಬೈಟ್ ಸಮ, ಅಕ್ಷರ ದುಂಡಗೆ ಬಂದವು.

ಮಂಗಳವಾರ

ಮೇಷ್ಟ್ರು ಅರ್ಧ ಗಂಟೆ ಕೂತು, ಒಂದೊಂದೇ ಅಕ್ಷರ ಹುಡುಕಿ, ಹನ್ನೊಂದು ಪುಸ್ತಕ ಸೇರಿಸಿದರು. ನಾನು ಖುಷಿಯಲ್ಲಿ ಆಚೆ ಫೋನಿನಲ್ಲಿದ್ದೆ. ಮುಗಿಸಿ ಬರುವಷ್ಟರಲ್ಲಿ ಅವರು ಲ್ಯಾಪ್‌ಟಾಪ್ ಆಫ್ ಮಾಡಿ ಮತ್ತೆ ಆನ್ ಮಾಡಿದ್ದರು. "ನಾನು ಹಾಕಿದ್ದೆಲ್ಲ ಎಲ್ಲಿ ಹೋಯ್ತಪ್ಪಾ?"

ಡೆಮೊ ಪ್ರೊಫೈಲಿಗೆ ಇವತ್ತು ಇನ್ನೊಂದು ಪ್ರಾಪರ್ಟಿ ಸೇರಿತು. ಪ್ರತಿ ಪುಟದ ನೆತ್ತಿಯ ಮೇಲೆ ಕೆಂಪು ಪಟ್ಟಿ: "ಇದು ಡೆಮೊ. ಮುಚ್ಚಿದರೆ ಏನೂ ಉಳಿಯುವುದಿಲ್ಲ."