ಕೈಗೆ ಸಹಜವಾದದ್ದನ್ನು ಬಿಡಿಸುವ ವಿದ್ಯೆ

ಪೈಲಟ್ ಆಗಬೇಕೆಂದುಕೊಂಡವರು ಸಾಮಾನ್ಯವಾಗಿ ಮೊದಲು ಕೇಳುವುದು ಎಷ್ಟು ಗಂಟೆ ಹಾರಬೇಕು ಎಂದು. ಅದಕ್ಕೆ ನಿಯಮಗಳಲ್ಲೇ ಉತ್ತರವಿದೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನದಂಡದಂತೆ ಖಾಸಗಿ ಪೈಲಟ್ ಲೈಸೆನ್ಸಿಗೆ (ಪಿಪಿಎಲ್) ಕನಿಷ್ಠ 40 ಗಂಟೆ, ವಾಣಿಜ್ಯ ಲೈಸೆನ್ಸಿಗೆ (ಸಿಪಿಎಲ್) 200 ಗಂಟೆ, ದೊಡ್ಡ ಪ್ರಯಾಣಿಕ ವಿಮಾನದ ಕ್ಯಾಪ್ಟನ್ ಆಗಲು ಬೇಕಾದ ಎಟಿಪಿಎಲ್‌ಗೆ 1500 ಗಂಟೆ. ದೇಶದಿಂದ ದೇಶಕ್ಕೆ ಇದು ಸ್ವಲ್ಪ ಬದಲಾಗುತ್ತದೆ. ಯುರೋಪಿನಲ್ಲಿ ಪಿಪಿಎಲ್‌ಗೆ 45 ಗಂಟೆ, ಅಮೆರಿಕದಲ್ಲಿ ಸಿಪಿಎಲ್‌ಗೆ ಸಾಮಾನ್ಯವಾಗಿ 250 ಗಂಟೆ ಬೇಕು. ಇವೆಲ್ಲ ಕನಿಷ್ಠ ಮಿತಿಗಳಾದ್ದರಿಂದ ಹೆಚ್ಚಿನವರಿಗೆ ಇದಕ್ಕಿಂತ ಜಾಸ್ತಿಯೇ ಹಿಡಿಯುತ್ತದೆ. ಆದರೆ ಲೈಸೆನ್ಸಿಗೆ ಸೇರುವ ಹೆಚ್ಚುವರಿ ಅರ್ಹತೆಗಳಾದ ರೇಟಿಂಗ್‌ಗಳನ್ನು ಒಂದೊಂದಾಗಿ ಪಡೆಯುತ್ತಾ ಬಂದಂತೆ ನನಗೆ ಮನದಟ್ಟಾದ ವಿಷಯ ಬೇರೆ: ನೆಲದ ಮೇಲೆ ಬೆಳೆದ ದೇಹಕ್ಕೆ ತಾನಾಗಿ ಬರುವ ಪ್ರತಿಕ್ರಿಯೆಗಳಲ್ಲಿ ಗಾಳಿಯಲ್ಲಿ ಅಪಾಯ ತರುವಂಥವು ಕೆಲವಿವೆ, ಮತ್ತು ತರಬೇತಿಯ ಒಂದೊಂದು ಹಂತವೂ ಅಂಥ ಒಂದೊಂದನ್ನು ನಮ್ಮಿಂದ ಬಿಡಿಸುತ್ತದೆ.

ರೆಕ್ಕೆಯು ಎತ್ತುವ ಬಲ ಕಳೆದುಕೊಳ್ಳುವ ಸ್ಥಿತಿಯಾದ ಸ್ಟಾಲ್‌ನ ಅಭ್ಯಾಸದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಸುರಕ್ಷಿತ ಎತ್ತರಕ್ಕೆ ಹೋಗಿ, ಎಂಜಿನ್ನಿನ ಶಕ್ತಿ ನಿಯಂತ್ರಿಸುವ ಥ್ರಾಟಲನ್ನು ಪೂರ್ತಿ ತಗ್ಗಿಸಿ, ಎತ್ತರ ಕಳೆದುಕೊಳ್ಳದಂತೆ ಯೋಕನ್ನು (ವಿಮಾನದ ಸ್ಟಿಯರಿಂಗನ್ನು) ನಿಧಾನವಾಗಿ ಹಿಂದಕ್ಕೆ ಎಳೆಯುತ್ತಾ ಹೋದರೆ ಮೂತಿ ಮೇಲೇರುತ್ತದೆ, ಗಾಳಿಯ ಸದ್ದು ಇಳಿಯುತ್ತದೆ, ಕೈಯಲ್ಲಿರುವ ಯೋಕ್ ಸಡಿಲವಾದಂತೆ ಅನಿಸುತ್ತದೆ. ಸೆಸ್ನಾ 172 ಎಂಬ ಸಣ್ಣ ವಿಮಾನದಲ್ಲಾದರೆ ಎಡರೆಕ್ಕೆಯ ಮುಂದಿನ ಅಂಚಿನಲ್ಲಿರುವ ಸಣ್ಣ ರಂಧ್ರದ ಮೂಲಕ ಗಾಳಿ ಎಳೆಯಲ್ಪಟ್ಟು ಎಚ್ಚರಿಕೆಯ ಪೀಪಿ ಕ್ಷೀಣವಾಗಿ ಶುರುವಾಗಿ ಕರ್ಕಶವಾಗುತ್ತದೆ. ಮರುಕ್ಷಣ ವಿಮಾನ ಅದುರಿ ಮೂತಿ ಕೆಳಗೆ ಬಗ್ಗುತ್ತದೆ. ಕಿಟಕಿಯ ತುಂಬ ನೆಲ ಕಾಣುವ ಆ ಹೊತ್ತಿನಲ್ಲಿ ಯಾವ ಕೈಯೂ ಯೋಕನ್ನು ಇನ್ನಷ್ಟು ಎಳೆಯಲು ಹೋಗುತ್ತದೆ. ಮಾಡಬೇಕಾದದ್ದು ಮುಂದಕ್ಕೆ ಬಿಡುವುದು. ಏಕೆಂದರೆ ರೆಕ್ಕೆಯು ಎದುರುಗಾಳಿಯೊಂದಿಗೆ ಮಾಡುವ ಕೋನವು ಸುಮಾರು 15 ಡಿಗ್ರಿ ದಾಟಿದ್ದರಿಂದಲೇ ಎತ್ತುವ ಬಲ ಕುಸಿದಿರುತ್ತದೆ, ಆ ಕೋನ ಇಳಿಯದ ಹೊರತು ಎಂಜಿನ್ನಿನ ಶಕ್ತಿಯೊಂದರಿಂದಲೇ ರೆಕ್ಕೆ ಮತ್ತೆ ಹಾರಲಾರದು. ಒಂದು ಪಕ್ಕ ವಾಲಿದರೆ ರೆಕ್ಕೆಯ ಹಿಂದಿನ ಅಂಚಿನ ಚಲಿಸುವ ಫಲಕವಾದ ಏಲರಾನಿನಿಂದ ಸರಿಪಡಿಸಲು ಕೈ ಹಾತೊರೆಯುತ್ತದೆ, ಅಲ್ಲಿಯೂ ಮೊದಲು ಕೆಲಸ ಮಾಡಬೇಕಾದದ್ದು ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಫಲಕವಾದ ರಡರಿನ ಪೆಡಲ್ ಮೇಲಿರುವ ಕಾಲು.

ಇದು ವಿದ್ಯಾರ್ಥಿಗಳ ಪಾಠ ಮಾತ್ರ ಎಂದು ಯಾರೂ ಭಾವಿಸಬಾರದು. 2009ರ ಜೂನ್ 1ರಂದು ಅಟ್ಲಾಂಟಿಕ್ ಸಾಗರಕ್ಕೆ ಬಿದ್ದು 228 ಜನರನ್ನು ಬಲಿ ತೆಗೆದುಕೊಂಡ ಏರ್ ಫ್ರಾನ್ಸ್ 447ರಲ್ಲಿ, ವೇಗ ಅಳೆಯುವ ಪಿಟೋ ಕೊಳವೆಗಳಲ್ಲಿ ಮಂಜುಗಡ್ಡೆ ಕಟ್ಟಿ ಆಟೋಪೈಲಟ್ ಕಳಚಿಕೊಂಡ ಮೇಲೆ, ಸ್ಟಾಲ್ ಎಚ್ಚರಿಕೆ ಮತ್ತೆ ಮತ್ತೆ ಮೊಳಗುತ್ತಿದ್ದರೂ ಮೂತಿಯನ್ನು ಮೇಲೆತ್ತುವ ಪ್ರಯತ್ನವೇ ಬಹುಮಟ್ಟಿಗೆ ಮುಂದುವರಿದಿತ್ತು. ಆ ತನಿಖಾ ವರದಿಯನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಓದಬೇಕೆಂದು ನಾನು ಬಯಸುತ್ತೇನೆ.

ಲೈಸೆನ್ಸಿನ ಉಳಿದ ವಿಧಿಗಳ ಬಗ್ಗೆ ಹೆಚ್ಚು ಬರೆಯಬೇಕಿಲ್ಲ. ವೈದ್ಯಕೀಯ ಪರೀಕ್ಷೆಯನ್ನು ಮಾತ್ರ ಹಣ ಕಟ್ಟುವ ಮೊದಲೇ ಮಾಡಿಸಿಕೊಳ್ಳಿ. ಮುಂದೆ ವೃತ್ತಿಯಾಗಿ ಹಾರುವ ಯೋಚನೆಯಿದ್ದರೆ ಎರಡನೇ ದರ್ಜೆಯ ಪ್ರಮಾಣಪತ್ರದಿಂದ ತೃಪ್ತರಾಗದೆ ಮೊದಲ ದರ್ಜೆಯದ್ದು ಸಿಗುತ್ತದೆಯೇ ಎಂದು ಆಗಲೇ ತಿಳಿದುಕೊಳ್ಳುವುದು ಒಳ್ಳೆಯದು. ಲಿಖಿತ ಪರೀಕ್ಷೆಗಳ ಪೈಕಿ ಹವಾಮಾನಶಾಸ್ತ್ರವನ್ನು ಅಂಕಕ್ಕಾಗಿ ಓದಬೇಡಿ, ಅದು ಪ್ರತಿ ಹಾರಾಟದಲ್ಲೂ ಬಳಕೆಗೆ ಬರುತ್ತದೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಹೊರಗೆ ನೋಡದೆ ಉಪಕರಣಗಳ ನೆರವಿನಿಂದಲೇ ಹಾರುವ ಇನ್‌ಸ್ಟ್ರುಮೆಂಟ್ ರೇಟಿಂಗ್. ಮೋಡದೊಳಗೆ ದಿಗಂತ ಮರೆಯಾದಾಗ ಸಮತೋಲನದ ಅರಿವು ಒಳಗಿವಿಯ ದ್ರವಕ್ಕೆ ಬಿಟ್ಟದ್ದಾಗುತ್ತದೆ, ಮತ್ತು ವಿಮಾನ ಒಂದೇ ಸಮನೆ ತಿರುಗುತ್ತಿದ್ದರೆ ಆ ದ್ರವವೂ ಕೆಲವೇ ಸೆಕೆಂಡುಗಳಲ್ಲಿ ಅದೇ ವೇಗಕ್ಕೆ ಹೊಂದಿಕೊಂಡು, ತಿರುಗುತ್ತಿರುವವನಿಗೆ ನೇರವಾಗಿ ಹೋಗುತ್ತಿದ್ದೇನೆಂಬ ಭಾವನೆ ಕೊಡುತ್ತದೆ. ನಿಜವಾಗಿ ನೇರವಾದೊಡನೆ ಎದುರು ದಿಕ್ಕಿಗೆ ವಾಲಿದಂತೆ ಭಾಸವಾಗುತ್ತದೆ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯವು ಈ ತರಬೇತಿಯಿಲ್ಲದ 20 ಮಂದಿಯನ್ನು ಇಂಥ ಸ್ಥಿತಿಯಲ್ಲಿಟ್ಟು ಪರೀಕ್ಷಿಸಿದಾಗ ಅವರು ಹತೋಟಿ ಕಳೆದುಕೊಳ್ಳಲು ಸರಾಸರಿ 178 ಸೆಕೆಂಡು ಸಾಕಾಯಿತು. ಅದಕ್ಕೂ ಕಾಲು ಶತಮಾನ ಮೊದಲೇ, 1929ರ ಸೆಪ್ಟೆಂಬರ್ 24ರಂದು, ಅಮೆರಿಕದ ಪೈಲಟ್ ಜಿಮ್ಮಿ ಡೂಲಿಟಲ್ ಮುಚ್ಚಿದ ಕಾಕ್‌ಪಿಟ್‌ನಲ್ಲಿ ಕುಳಿತು ಉಪಕರಣಗಳನ್ನಷ್ಟೇ ನೋಡಿ ಮೇಲೇರಿ, ಹಾರಿ, ಇಳಿದು ತೋರಿಸಿದ್ದರು. ಸಾಧನ ಇತ್ತು, ಅದನ್ನು ದೇಹಕ್ಕಿಂತ ಹೆಚ್ಚಾಗಿ ನಂಬುವ ಅಭ್ಯಾಸವನ್ನು ಪ್ರತಿಯೊಬ್ಬರೂ ಹೊಸದಾಗಿಯೇ ಗಳಿಸಬೇಕು.

ತರಬೇತಿಯಲ್ಲಿ ಹೊರಗಿನದು ಕಾಣದಂತೆ ಹುಡ್ ತೊಡಿಸುತ್ತಾರೆ. ಕಣ್ಣು ವಿಮಾನದ ವಾಲುವಿಕೆ ತೋರಿಸುವ ಆಟಿಟ್ಯೂಡ್ ಇಂಡಿಕೇಟರಿನಿಂದ ದಿಕ್ಕಿನ ಮುಳ್ಳಿಗೆ, ಮತ್ತೆ ಅಲ್ಲಿಂದ ಹಿಂದಕ್ಕೆ, ಎತ್ತರದ ಮುಳ್ಳಿಗೆ, ಮತ್ತೆ ಹಿಂದಕ್ಕೆ, ಎಲ್ಲೂ ನಿಲ್ಲದೆ ಓಡಾಡುತ್ತಿರಬೇಕು. ಆಮೇಲೆ ಬೋಧಕರು ಕಣ್ಣು ಮುಚ್ಚಿಸಿ, ತಲೆ ತಗ್ಗಿಸಲು ಹೇಳಿ, ವಿಮಾನವನ್ನು ಅತ್ತಿತ್ತ ಹೊರಳಿಸಿ ಕೈಗೆ ಕೊಡುತ್ತಾರೆ. ಕಣ್ಣು ತೆರೆದಾಗ ವೇಗ ಏರುತ್ತಾ, ಎತ್ತರ ಇಳಿಯುತ್ತಾ ಇದ್ದರೆ ಎಳೆಯಬೇಕೆನಿಸುತ್ತದೆ. ವಾಲಿದ ಸ್ಥಿತಿಯಲ್ಲೇ ಎಳೆದರೆ ಸುರುಳಿ ಇನ್ನಷ್ಟು ಬಿಗಿಯಾಗುತ್ತದೆ. ಮೊದಲು ಥ್ರಾಟಲ್ ತಗ್ಗಿಸಬೇಕು, ಆಮೇಲೆ ರೆಕ್ಕೆಗಳನ್ನು ಸಮ ಮಾಡಬೇಕು, ಮೂತಿ ಎತ್ತುವುದು ಕೊನೆಯ ಕೆಲಸ.

ಎರಡು ಎಂಜಿನ್‌ಗಳ ರೇಟಿಂಗ್‌ನಲ್ಲಿ ಸರದಿ ಕಾಲಿನದು. ಒಂದು ಎಂಜಿನ್ ನಿಂತಾಗ ನೇರವಾಗಿ ಸಾಗಲು ಯಾವ ಕಾಲಿಗೆ ಕೆಲಸವಿಲ್ಲವೋ ಆ ಪಕ್ಕದ ಎಂಜಿನ್ ನಿಂತಿದೆ ಎಂದರ್ಥ. ವೇಗವು ನಿಗದಿತ ಮಿತಿಗಿಂತ ಕೆಳಗಿಳಿದು ರಡರ್ ಸಾಲದಾದರೆ, ಬದುಕಿರುವ ಎಂಜಿನ್ನಿನ ಶಕ್ತಿಯನ್ನೇ ತಗ್ಗಿಸಿ ಮೂತಿ ಇಳಿಸಬೇಕು. ಶಕ್ತಿ ಕಡಿಮೆಯಿರುವಾಗ ಉಳಿದದ್ದನ್ನೂ ಬಿಡಲು ಮನಸ್ಸು ಒಪ್ಪುವುದು ಎಷ್ಟು ಕಷ್ಟವೆಂಬುದು ಸೀಟಿನಲ್ಲಿ ಕುಳಿತವರಿಗೇ ಗೊತ್ತು.

ಬಿಡಿಸಿಕೊಂಡ ಅಭ್ಯಾಸಗಳು ಹಾರಾಟ ನಿಂತ ಕೂಡಲೇ ಮರಳಿ ಬರಲು ಶುರುವಾಗುತ್ತವೆ. ಆದ್ದರಿಂದಲೇ ಜತೆಗೆ ಪ್ರಯಾಣಿಕರನ್ನು ಕರೆದೊಯ್ಯಲು ಹಿಂದಿನ 90 ದಿನಗಳಲ್ಲಿ ಮೂರು ಬಾರಿಯಾದರೂ ಮೇಲೇರಿ ಇಳಿದಿರಬೇಕೆಂಬ ನಿಯಮ ಅಮೆರಿಕ, ಯುರೋಪ್ ಎರಡರಲ್ಲೂ ಇದೆ. ಅದು ಸಾಕೆಂದು ನಾನು ಭಾವಿಸುವುದಿಲ್ಲ. 60 ಡಿಗ್ರಿ ವಾಲಿಸಿ ಎತ್ತರ ಕಾಯ್ದುಕೊಂಡು ತಿರುಗುವಾಗ ಸ್ಟಾಲ್ ಆಗುವ ವೇಗ ಶೇ 41ರಷ್ಟು ಏರುತ್ತದೆ, 50 ನಾಟ್ ಇದ್ದದ್ದು 70 ಆಗುತ್ತದೆ. ರನ್‌ವೇಗೆ ಮುಖ ಮಾಡುವ ಕೊನೆಯ ತಿರುವಿನಲ್ಲಿ ಸ್ಟಾಲ್ ಸಂಭವಿಸಿದರೆ ಚೇತರಿಸಿಕೊಳ್ಳಲು ಎತ್ತರವೇ ಉಳಿದಿರುವುದಿಲ್ಲ. ಹಾಗಾಗಿ ಬೋಧಕರೊಂದಿಗೆ ಹಾರುವ ಅವಕಾಶ ಸಿಕ್ಕಾಗಲೆಲ್ಲ, ಅದೇ ತಿರುವನ್ನು ಸಾಕಷ್ಟು ಎತ್ತರದಲ್ಲಿ ಮಾಡಿಸಿ, ಅಲ್ಲಿಯೇ ಸ್ಟಾಲ್ ಅಭ್ಯಾಸ ಮಾಡಿಸಿರೆಂದು ನಾನು ಮೊದಲಿಗೆ ಕೇಳಿಕೊಳ್ಳುತ್ತೇನೆ.