ತುಮರಿಯ ಉಪ್ಪಾಗೆ ಅಟ್ಟ

ಸಾಗರ ಬಿಟ್ಟಾಗ ಜಿಟಿಜಿಟಿ ಮಳೆ. ಅಂಬಾರಗೋಡ್ಲು ತಲುಪುವಾಗ ಜೋರಾಯಿತು. ಮೊದಲಾದರೆ ಇಲ್ಲಿ ಶರಾವತಿ ಹಿನ್ನೀರು ದಾಟಲು ಲಾಂಚ್‌ಗೆ ಕಾಯಬೇಕಿತ್ತು. ಗಾಡಿ ಸಾಲಿಗೆ ಹಚ್ಚಿ, ಲಾಂಚ್ ಆಚೆ ದಡ ಬಿಟ್ಟಿತಾ ಅಂತ ನೋಡುವುದೇ ಕೆಲಸ. 2025ರ ಜುಲೈನಲ್ಲಿ ಸೇತುವೆ ತೆರೆಯಿತು. ಎರಡು ಕಿಲೋಮೀಟರಿಗೂ ಜಾಸ್ತಿ ಉದ್ದ. ಈ ಸಲ ಮಾತು ಮುಗಿಯುವುದರೊಳಗೆ ಕಳಸವಳ್ಳಿ. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ?

ತುಮರಿ ಹತ್ತಿರ ಚಿಕ್ಕಮ್ಮನ ಮನೆ. ಒಲೆ ಮೇಲಿನ ಅಟ್ಟದಲ್ಲಿ ಉಪ್ಪಾಗೆ ಅನ್ನುವ ಕಾಡು ಹುಳಿಹಣ್ಣಿನ ಸಿಪ್ಪೆ ಒಣಗುತ್ತಿತ್ತು. ಹೊಗೆ ಕುಡಿದು ಕಪ್ಪಗೆ ಮುರುಟಿತ್ತು. ಹುಳಿ ವಾಸನೆ ಜಗಲಿಯವರೆಗೂ ಬರುತ್ತಿತ್ತು.

"ಮರ ಬೋಳಿಸಬೇಡಿ ಅಂತ ಹುಡುಗರಿಗೆ ಹೇಳಿದೀನಿ. ಸಿಂಗಳೀಕಕ್ಕೂ ಬೇಕಲ್ವಾ?" ಅಂದರು ಚಿಕ್ಕಮ್ಮ.

ಸಿಂಗಳೀಕ ಅಂದರೆ ಈ ಕಾಡಿನ ಅಪರೂಪದ ಕಪ್ಪು ಕೋತಿ. ಅದರ ಮಾತು ಬಂದ ಮೇಲೆ ಚಿಕ್ಕಪ್ಪ ಸುಮ್ಮನಿರುತ್ತಾರಾ! ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದಲ್ಲೇ 2000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ತರುವ ಪ್ರಸ್ತಾಪವಿದೆ. ಕರೆಂಟ್ ಮಿಕ್ಕಾಗ ಕೆಳಗಿನ ಗೇರುಸೊಪ್ಪೆ ಜಲಾಶಯದ ನೀರನ್ನು ಸುರಂಗದಲ್ಲಿ ಮೇಲಿನ ತಲಕಳಲೆ ಜಲಾಶಯಕ್ಕೆ ಏರಿಸುವುದು, ಬೇಕಾದಾಗ ಕೆಳಗೆ ಬಿಟ್ಟು ಕರೆಂಟ್ ತೆಗೆಯುವುದು. ಏರಿಸಲು ಹಿಡಿಯುವಷ್ಟು ಕರೆಂಟ್ ಇಳಿಸುವಾಗ ವಾಪಸ್ ಬರುವುದಿಲ್ಲ. ಆದರೂ ಹಗಲಿನ ಸೋಲಾರ್ ಕರೆಂಟನ್ನು ಸಂಜೆಗೆ ಎತ್ತಿಡಲು ಇಂಥದ್ದೊಂದು ಬೇಕು, ಅದನ್ನು ನಾನು ಒಪ್ಪುತ್ತೇನೆ. ಅದಕ್ಕೆ ಈ ಕಾಡೇ ಆಗಬೇಕಾ ಅನ್ನುವುದು ನನ್ನ ತಕರಾರು.

2025ರ ಸೆಪ್ಟೆಂಬರ್‌ನಲ್ಲಿ ಕಾರ್ಗಲ್‌ನಲ್ಲಿ ನಡೆದ ಈ ಯೋಜನೆಯ ಅಹವಾಲು ಸಭೆಗೆ ಚಿಕ್ಕಪ್ಪ ಹೋಗಿದ್ದರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ತುಂಬಿದಾಗ ಅವರು ಸಣ್ಣ ಹುಡುಗ. "ಆಗ ಕೇಳೋರೇ ಇರಲಿಲ್ಲ ಮಾರಾಯ. ನೀರು ಬಂತು, ನಾವು ಎದ್ವಿ. ಈಗ ಮೈಕ್ ಆದ್ರೂ ಕೊಡ್ತಾರೆ." 2006ರ ಪರಿಸರ ನಿಯಮದ ಪ್ರಕಾರ ಇಂಥ ಸಭೆಗೆ 30 ದಿನ ಮೊದಲೇ ತಿಳಿಸಬೇಕು, ಪರಿಸರ ಪರಿಣಾಮ ವರದಿಯ ಸಾರಾಂಶ ಕನ್ನಡದಲ್ಲೂ ಇರಬೇಕು. ಚಿಕ್ಕಪ್ಪನ ಪ್ರತಿಯ ತುಂಬ ಪೆನ್ಸಿಲ್ ಗೆರೆ. ಒಂದು ಕಡೆ ದೊಡ್ಡ ಪ್ರಶ್ನೆ ಚಿಹ್ನೆ.

"ಸುರಂಗದ ಮಣ್ಣು ಎಲ್ಲಿ ಹಾಕ್ತಾರೆ? ಪೂರ್ತಿ ವರದಿ ಇಂಗ್ಲಿಷಲ್ಲಿದೆ. ನೀನು ನೋಡಿ ಹೇಳು."

ನೆಟ್‌ವರ್ಕ್ ಸಿಗುವುದು ಕೊಟ್ಟಿಗೆ ಪಕ್ಕ ಮಾತ್ರ. ಮಳೆ ಬಿಟ್ಟಿರಲಿಲ್ಲ. ನಾನು ಫೋನಿನಲ್ಲಿ ನೂರಾರು ಪುಟ ಸರಿಸುತ್ತಾ ನಿಂತೆ. ಚಿಕ್ಕಪ್ಪ ಛತ್ರಿ ಹಿಡಿದಿದ್ದರು, ಪೂರ್ತಿ ಫೋನಿನ ಕಡೆಗೇ.