ಕಪ್ಪು ಕೊಡೆ, ಕೆಂಪು ಬಸ್ಸು

2019ರಲ್ಲಿ ಪೋಲೆಂಡಿನ ವ್ರೋತ್ಸ್ವಾಫ್‌ಗೆ ಹೊರಟಾಗ ಅಮ್ಮ ಸೂಟ್‌ಕೇಸಿಗೆ ತುರುಕಿದ್ದು ಅಪ್ಪೆಮಿಡಿ ಉಪ್ಪಿನಕಾಯಿ ಮತ್ತು ಒಂದು ಕರಿ ಕೊಡೆ. ಆಗುಂಬೆ ಮಳೆ ಕಂಡ ಕೊಡೆ ಅದು. ಆಫೀಸಿನ ಮೂಲೆಯಲ್ಲಿ ಅದನ್ನು ಒಣಗಲು ಬಿಡಿಸಿಟ್ಟ ದಿನ ಪಕ್ಕದ ಸೀಟಿನವಳು ನಕ್ಕಳು: "ನೀನೂ ಮುಷ್ಕರಕ್ಕಾ?"

ಆಮೇಲೆ ಹೇಳಿದಳು. 2016ರ ಅಕ್ಟೋಬರ್ 3, ಸೋಮವಾರ. ಗರ್ಭಪಾತವನ್ನು ಹೆಚ್ಚುಕಡಿಮೆ ಪೂರ್ತಿ ನಿಷೇಧಿಸುವ ಮಸೂದೆ ಸಂಸತ್ತಿನಲ್ಲಿತ್ತು. ಹೆಂಗಸರು ಕಪ್ಪು ಬಟ್ಟೆ ಉಟ್ಟು ಕೆಲಸ ಬಿಟ್ಟು ಬೀದಿಗಿಳಿದರು. ಸಂಘಟಿಸಿದ ಮಾರ್ತಾ ಲೆಂಪಾರ್ತ್ ಇದೇ ಊರಿನ ವಕೀಲೆ. ವಾರ್ಸಾದಲ್ಲಿ ಮಳೆ, ಮೇಲಿನಿಂದ ತೆಗೆದ ಫೋಟೋದಲ್ಲಿ ಮುಖಗಳೇ ಇಲ್ಲ, ಬರೀ ಕೊಡೆ. ಮೂರೇ ದಿನಕ್ಕೆ ಮಸೂದೆ ಬಿತ್ತು.

ಅದೇ ವರ್ಷ ಏಪ್ರಿಲ್‌ನಲ್ಲಿ ಇಲ್ಲಿಯ ಆಗಿನ ಸರ್ಕಾರ ಎರಡನೇ ಮಗುವಿನಿಂದ ಮುಂದಕ್ಕೆ ತಿಂಗಳಿಗೆ 500 ಝ್ವೋತಿ (ಪೋಲೆಂಡಿನ ನಾಣ್ಯ) ಕೊಡಲು ಶುರುಮಾಡಿತ್ತು. 2019ರಲ್ಲಿ ಎಲ್ಲ ಮಕ್ಕಳಿಗೂ. ಓದಿದವರ ಗೊಣಗಾಟ ಕೇಳಬೇಕು: ಆ ದುಡ್ಡಲ್ಲಿ ಬಾಲ್ಟಿಕ್ ಕಡಲಿಗೆ ಹೋಗಿ ಬಿದ್ದಿರ್ತಾರೆ, ಕುಡೀತಾರೆ! ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ಭಾವಂದಿರು ಹಾಕುವ 'ಬಿಟ್ಟಿ ಭಾಗ್ಯ'ದ ಮೆಸೇಜೇ ಪೋಲಿಷ್ ಕಲಿತು ಬಂದ ಹಾಗಿತ್ತು. (ಅಡಿಕೆ ರೇಟು ಬಿದ್ದಾಗ ಆಮದು ತಡೀರಿ ಅಂತ ಸರ್ಕಾರಕ್ಕೆ ಮೊರೆಯಿಡುವವರೂ ಅದೇ ಭಾವಂದಿರು. ಇರಲಿ.)

ತೀರ್ಥಹಳ್ಳಿ ಕಡೆ ಇರುವ ಚಿಕ್ಕಮ್ಮನಿಗೆ ಗೃಹಲಕ್ಷ್ಮಿಯ 2000 ರೂಪಾಯಿ ಬರುತ್ತದೆ. ಆ ದುಡ್ಡಿಗೆ ಅವಳು ಯಾರ ಮುಂದೂ ಕೈಚಾಚಬೇಕಿಲ್ಲ, ನನಗೆ ಅದೇ ದೊಡ್ಡದು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದಾಗ ಮಾತ್ರ ಫೋನಿನಲ್ಲೇ ಸಿಡುಕಿದ್ದಳು: "ಫ್ರೀ ಅಂತೆ ಮಾರಾಯ್ತಿ! ನಮ್ಮೂರಿಗೆ ಕೆಂಪು ಬಸ್ಸು ಬಂದ್ರೆ ತಾನೆ?" ಮಲೆನಾಡಿನ ಒಳರಸ್ತೆಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಅದರಲ್ಲಿ ಶೂನ್ಯ ಟಿಕೆಟ್ ಇಲ್ಲ.

ಅವಳ ಸ್ತ್ರೀಶಕ್ತಿ ಸಂಘ ವರ್ಷಗಟ್ಟಲೆ ಕೇಳಿದ್ದು ಬೇರೆ: ಗೂಡಂಗಡಿಯಲ್ಲಿ ಕದ್ದು ಮಾರುವ ಎಣ್ಣೆ ನಿಲ್ಲಿಸಿ. 2007ರಲ್ಲಿ ಸಾರಾಯಿ ಹೋಯಿತು, ಆ ಜಾಗಕ್ಕೆ ಅಗ್ಗದ ವಿಸ್ಕಿ ಪ್ಯಾಕೆಟ್ ಬಂತು. "ಗಂಡನ ಜೇಬಿಂದ ತೆಗೆದು ಹೆಂಡ್ತಿ ಖಾತೆಗೆ ಹಾಕ್ತಾರೆ, ಲೆಕ್ಕ ಸರಿಹೋಯ್ತಲ್ಲ" ಅನ್ನುತ್ತಾಳೆ.

ಇಲ್ಲಿಯ ಲೆಕ್ಕವೂ ಹಾಗೇ. ನಾನು ಬಂದ ಮರುವರ್ಷ ಅಕ್ಟೋಬರ್‌ನಲ್ಲಿ, ಮಸೂದೆಯಿಂದ ಆಗದ ಗರ್ಭಪಾತ ನಿಷೇಧ ಸಾಂವಿಧಾನಿಕ ನ್ಯಾಯಮಂಡಳಿಯ ತೀರ್ಪಿನಿಂದ ಬಹುಮಟ್ಟಿಗೆ ಆಯಿತು. ಕೋವಿಡ್ ಮಧ್ಯೆಯೂ ಬೀದಿ ತುಂಬಿತು; ಕಿಟಕಿ ಕಿಟಕಿಯಲ್ಲೂ ಹೆಂಗಸರ ಮುಷ್ಕರದ ಗುರುತಾದ ಕೆಂಪು ಮಿಂಚಿನ ಚಿತ್ರ. 2023ರ ಚುನಾವಣೆ ಹತ್ತಿರ ಬಂದಾಗ ಸರ್ಕಾರ 500ನ್ನು 800 ಮಾಡುತ್ತೇವೆ ಅಂದಿತು. ವಿರೋಧ ಪಕ್ಷದ ತುಸ್ಕ್ ಬೇಡ ಅಂದರೇ? ಮುಂದಿನ ವರ್ಷ ಯಾಕೆ, ಈಗಲೇ ಕೊಡಿ ಅಂದರು!

ಅಕ್ಟೋಬರ್ 15ರಂದು ನಮ್ಮೂರಿನ ಯಾಗೊದ್ನೊ ಬಡಾವಣೆಯಲ್ಲಿ, ರಾತ್ರಿ ಒಂಬತ್ತಕ್ಕೆ ಮುಗಿಯಬೇಕಿದ್ದ ಮತದಾನ ಮೂರರ ಹತ್ತಿರದವರೆಗೂ ನಡೆಯಿತು. ನನಗೆ ಓಟಿಲ್ಲ. ಫ್ಲಾಸ್ಕಿನಲ್ಲಿ ಶುಂಠಿ ಚಹಾ ಹಿಡಿದು ಹೋದೆ. ಕಂಬಳಿ ಹೊದ್ದು ಸಾಲಲ್ಲಿ ನಿಂತಿದ್ದ ಗೆಳತಿ ಒಂದು ಗುಟುಕು ಕುಡಿದು, ಖಾರಕ್ಕೆ ಕೆಮ್ಮಿ, ಹಿಂದಿನವಳಿಗೆ ದಾಟಿಸಿದಳು. ಒಟ್ಟು ಮತದಾನ ಶೇ. 74. ಆಳುವ ಪಕ್ಷ ಬಹುಮತ ಕಳಕೊಂಡಿತು.

2024ರ ಜನವರಿಯಿಂದ 800 ಬರತೊಡಗಿತು. ಜುಲೈನಲ್ಲಿ, ಗರ್ಭಪಾತಕ್ಕೆ ನೆರವಾಗುವುದು ಅಪರಾಧವಲ್ಲ ಎನ್ನುವ ಮಸೂದೆ 215–218ರಲ್ಲಿ ಸೋತಿತು. ಮೂರು ಮತ! ಗೆಳತಿ ಅವತ್ತು ಊಟಕ್ಕೂ ಏಳಲಿಲ್ಲ.

ಚಿಕ್ಕಮ್ಮನಿಗೆ ಹೇಳಿದೆ. "ಅಷ್ಟು ಕೊಡೆ ಹಿಡಿದವ್ರಿಗೂ ಹಿಂಗಾ?" ಅಂದವಳು ಮಾತು ಬದಲಿಸಿದಳು. ಗೂಡಂಗಡಿ ವಿಷಯದ ಮನವಿಯನ್ನು ಮತ್ತೆ ಬರೆಸಿದ್ದಾರಂತೆ. ಮೂವತ್ತೊಂದು ಸಹಿ ಆಗಿದೆ, ಕೆಳಗಿನ ಕೇರಿಯವರದ್ದು ಬಾಕಿ. ಮಳೆ ಬಿಟ್ಟ ಮೇಲೆ ಹೋಗ್ತಾಳಂತೆ.